ಗಲ್ಲಾದ 5 ರೂಪಾಯಿ ಯಾಕೆ ಕಪ್ಪಾಗುತ್ತದೆ?

ಪ್ರಶ್ನೆ: ಸರ್, ಮಲ್ಪೆ ಬಂದರಿನ ಹತ್ತಿರ ನಮ್ಮದೊಂದು ಸಣ್ಣ ಹೋಟೆಲ್ ಇದೆ. ಮಳೆಗಾಲ ಮುಗಿಯುವಷ್ಟರಲ್ಲಿ ಗಲ್ಲಾದಲ್ಲಿರುವ ಹಳದಿ 5 ರೂಪಾಯಿ ನಾಣ್ಯಗಳು ಕಪ್ಪಾಗುತ್ತವೆ, ಕೆಲವಕ್ಕೆ ಹಸಿರು ಕಿಲುಬು. ಅದೇ ಡಬ್ಬಿಯ 1, 2 ರೂಪಾಯಿಗೆ ಏನೂ ಆಗಲ್ಲ. ಗಿರಾಕಿಗಳು ನಕಲಿ ಅಂತ ವಾಪಸ್ ಕೊಡುತ್ತಾರೆ. ನಿಜಾನಾ?

ಉತ್ತರ: ಲೋಹ ಪರೀಕ್ಷೆಯೇ ನನ್ನ ಕೆಲಸ, ಹಾಗಾಗಿ ನೇರವಾಗಿ ಹೇಳ್ತೀನಿ. ಬಣ್ಣ ಕೆಟ್ಟ ಮಾತ್ರಕ್ಕೆ ನಕಲಿ ಅಲ್ಲ. ನಿಮ್ಮ 1, 2 ರೂಪಾಯಿ ಸ್ಟೀಲ್‌ನವು. 100ರಲ್ಲಿ 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ಈ ಕ್ರೋಮಿಯಂ ಗಾಳಿ ತಾಗಿದ ಕೂಡಲೇ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ, ಗೀರು ಬಿದ್ದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಹಳದಿ 5 ರೂಪಾಯಿಯಲ್ಲಿ 75 ಪಾಲು ತಾಮ್ರ, 20 ಸತು, 5 ನಿಕ್ಕಲ್. ಅಂದರೆ ಹಿತ್ತಾಳೆಯ ಜಾತಿ. ಬೆವರು, ಮೀನಿನ ನೀರು, ಕಡಲಿನ ಉಪ್ಪುಗಾಳಿ ಎಲ್ಲ ಸೇರಿ ಮೊದಲು ಕಂದು ಮಾಡುತ್ತವೆ, ಆಮೇಲೆ ಕಪ್ಪು. ಉಪ್ಪಿನ ತೇವ ಹಾಗೇ ನಿಂತರೆ ಹಸಿರು ಕಿಲುಬು.

ಓಡಾಡುವ ನಾಣ್ಯ ಇಷ್ಟು ಕಪ್ಪಾಗಲ್ಲ, ಯಾಕಂದ್ರೆ ಕೈಯಿಂದ ಕೈಗೆ ಹೋಗುತ್ತಾ, ಬೇರೆ ನಾಣ್ಯಗಳಿಗೆ ತಿಕ್ಕಿಕೊಳ್ಳುತ್ತಾ ಉಬ್ಬಿದ ಭಾಗದ ಕಪ್ಪು ಹೋಗುತ್ತಲೇ ಇರುತ್ತದೆ. ಜೊತೆಗೆ ಒಂದಿಷ್ಟು ಲೋಹವೂ ಹೋಗುತ್ತದೆ ಅನ್ನಿ. ಹಳೆಯ ದಪ್ಪ 5 ರೂಪಾಯಿ, ಆ 9 ಗ್ರಾಂದು, ಇದ್ದರೆ ನೋಡಿ: ಸಿಂಹದ ಮುಖ ನುಣುಪು, ಅಕ್ಷರದ ಸಂದಿಯಲ್ಲಿ ಮಾತ್ರ ಕಪ್ಪು.

ಪ್ರಶ್ನೆ: ಹುಣಸೆಹಣ್ಣಲ್ಲಿ ರಾತ್ರಿಯಿಡೀ ನೆನೆಸಿಟ್ಟೆ. ಈಗ ಕೆಂಪಗಾಗಿದೆ!

ಉತ್ತರ: ಆಗಲೇಬೇಕಲ್ವಾ. ಹುಳಿಗೆ ಸತು ಬೇಗ ಕರಗುತ್ತದೆ, ಮೇಲೆ ತಾಮ್ರ ಉಳಿಯುತ್ತದೆ. ಸೋಪು ನೀರಲ್ಲಿ ತೊಳೆದು, ಒರೆಸಿ, ಒಣ ಡಬ್ಬಿಯಲ್ಲಿಡಿ ಸಾಕು. ದೇವರ ಹಿತ್ತಾಳೆ ದೀಪ ತಿಕ್ಕಿದ ಹಾಗೆ ನಾಣ್ಯ ತಿಕ್ಕಬೇಡಿ.

ಇನ್ನೊಬ್ಬರ ಪ್ರಶ್ನೆ: ನಮ್ಮ ಲಕ್ಷ್ಮಿ ಪೂಜೆಯ ಹಳೇ ಬೆಳ್ಳಿ ರೂಪಾಯಿಯೂ ಕಪ್ಪಾಗಿದೆ. ಅಜ್ಜಿ ಕಾಲದ್ದು.

ಉತ್ತರ: ಅದು ಗಾಳಿಯಲ್ಲಿರುವ ಗಂಧಕದ ಕೆಲಸ. 1940ಕ್ಕಿಂತ ಹಿಂದಿನದಾದರೆ ಶೇ. 91.7 ಬೆಳ್ಳಿ. ಪಾಲಿಶ್ ಮಾಡಿಸಬೇಡಿ, ಸಂಗ್ರಹಕಾರರು ಪಾಲಿಶ್ ಆದದ್ದಕ್ಕೆ ಕಡಿಮೆ ಬೆಲೆ ಕಟ್ಟುತ್ತಾರೆ. ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದರೆ ಇವತ್ತೇ ತೆಗೆಯಿರಿ, ಅದರಲ್ಲೂ ಗಂಧಕ ಇರುತ್ತದೆ.

ಪ್ರಶ್ನೆ: ಸರ್, ಕಪ್ಪಾದ 5 ರೂಪಾಯಿಗೆ ಏನು ಮಾಡಲಿ ಹೇಳಲೇ ಇಲ್ಲ.

ಉತ್ತರ: ಚಿಲ್ಲರೆ ಜೊತೆ ಕೊಡಿ. ಯಾರೂ ತಗೊಳ್ಳದಿದ್ದರೆ ಬ್ಯಾಂಕಿಗೆ ಕಟ್ಟಿ, ಬಣ್ಣ ನೋಡಿ ಬೇಡ ಅನ್ನುವ ಹಾಗಿಲ್ಲ.