ಟ್ವಿಕನ್‌ಹ್ಯಾಮ್: "ಇದು ಯಾರ ಮನೆ?" ಅಂತ ಅಮ್ಮ ಕೇಳುತ್ತಾರೆ, ಗೊತ್ತಿದ್ದವರು ಹೇಳಿ

ಮಲ್ಲೇಶ್ವರದ_ಮಗಳು

ಎಲ್ಲರಿಗೂ ನಮಸ್ಕಾರ. ನಾವು ಟ್ವಿಕನ್‌ಹ್ಯಾಮ್‌ಗೆ ಬಂದು ಒಂದೂವರೆ ವರ್ಷ ಆಯಿತು. ಲಂಡನ್ನಿನ ನೈರುತ್ಯ ಮೂಲೆಯಲ್ಲಿ, ಥೇಮ್ಸ್ ದಡದ ಊರು. ಹೋದ ವಾರ ಬೆಂಗಳೂರಿನಿಂದ ಅಮ್ಮ ಬಂದಿದ್ದಾರೆ, ಎರಡು ತಿಂಗಳು ಇರುತ್ತಾರೆ. ಪ್ರೈಮರಿ ಸ್ಕೂಲಿನಲ್ಲಿ ಟೀಚರ್ ಆಗಿದ್ದವರು, ಈಗ 70 ವರ್ಷ.

ದಿನಾ ಸಂಜೆ ನನ್ನ ಕೆಲಸ ಮುಗಿದ ಮೇಲೆ ಇಬ್ಬರೂ ಸೇಂಟ್ ಮೇರಿ ಚರ್ಚ್ ಪಕ್ಕದಿಂದ ಇಳಿದು ಹೊಳೆ ದಂಡೆಗೆ ಹೋಗುತ್ತೇವೆ. ದಾರಿಯಲ್ಲಿ ಹಳೇ ಮನೆ ಕಂಡರೆ ಸಾಕು, "ಇದು ಯಾರದ್ದೇ?" ಅನ್ನುತ್ತಾರೆ. ಗೋಡೆ ಮೇಲೆ ಫಲಕ ಇದ್ದರೆ ಹೆಸರು ಓದಿ ಹೇಳುತ್ತೇನೆ. "ಅವರು ಏನು ಮಾಡಿದರು, ಇಲ್ಲಿಗೆ ಯಾಕೆ ಬಂದರು?" ಅಂತ ಮುಂದಿನ ಪ್ರಶ್ನೆ. ಅಲ್ಲಿಗೆ ನನ್ನ ಬಾಯಿ ಕಟ್ಟಿಹೋಗುತ್ತದೆ.

ಅಮ್ಮನಿಗೆ ಇಂಗ್ಲಿಷ್ ಓದುವುದು ಕಷ್ಟ. ಮಂಡಿ ನೋವು ಬೇರೆ, ಹತ್ತು ನಿಮಿಷ ನಡೆದರೆ ಎಲ್ಲಾದರೂ ಕೂರಬೇಕು. ಮ್ಯೂಸಿಯಂ ಸುತ್ತುವುದೆಲ್ಲಾ ಬೇಡ. ಈ ಊರಿನಲ್ಲಿ ಯಾರ್ಯಾರು ಇದ್ದರು, ಅವರ ಗುರುತು ಈಗಲೂ ಎಲ್ಲಿದೆ ಅಂತ ನಾನು ಕನ್ನಡದಲ್ಲಿ ಹೇಳುವ ಹಾಗೆ ಯಾರಾದರೂ ತಿಳಿಸುತ್ತೀರಾ?

ಬಸವನಗುಡಿ_1979

ಸ್ಟ್ರಾಬೆರಿ ಹಿಲ್ ಹೌಸ್ ಬಿಡಬೇಡಿ. 1747ರಲ್ಲಿ ಹೊರೇಸ್ ವಾಲ್ಪೋಲ್ ಅನ್ನುವವರು ಅಲ್ಲಿ ಒಂದು ಸಣ್ಣ ಮನೆ ಹಿಡಿದು, ಅದನ್ನೇ ವರ್ಷಗಟ್ಟಲೆ ಬೆಳೆಸಿ ಬಿಳೀ ಕೋಟೆಯ ಹಾಗೆ ಮಾಡಿದರು. ಅಲ್ಲಿ ಬಿದ್ದ ಒಂದು ಕನಸಿನಿಂದ 1764ರಲ್ಲಿ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಅನ್ನುವ ಕಾದಂಬರಿ ಬಂತು. ಇಂಗ್ಲಿಷಿನ ಭಯದ ಕಥೆಗಳ ಸಾಲು ಶುರುವಾಗುವುದೇ ಅಲ್ಲಿಂದ. 'ಸೆರೆಂಡಿಪಿಟಿ' ಪದ ಹುಟ್ಟಿಸಿದ್ದೂ ಇವರೇ, 1754ರ ಒಂದು ಕಾಗದದಲ್ಲಿ. ಸೆರೆಂಡಿಪ್ ಅಂದರೆ ಶ್ರೀಲಂಕಾದ ಹಳೇ ಹೆಸರು. ಅಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ.

ಅಂಚೆ_ಅಣ್ಣ

ತಂಗಿ, ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ನಾನು ಅರಸೀಕೆರೆ ಕಡೆಯವನು. 17 ವರ್ಷದಿಂದ ಈ ಭಾಗದಲ್ಲಿ ಪೋಸ್ಟ್‌ಮನ್. ಬೀದಿ ಬೀದಿಯ ಬಾಗಿಲು ನನಗೆ ಗೊತ್ತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ದಿನಾ ಹೋಗುವ ಆ ಚರ್ಚಿನಿಂದಲೇ ಶುರು ಮಾಡಿ, ದೂರ ನಡೆಯುವುದೇ ಬೇಡ. ಅಲೆಕ್ಸಾಂಡರ್ ಪೋಪ್ ಅಂತ ದೊಡ್ಡ ಕವಿ, ಹುಟ್ಟಿದ್ದು 1688ರಲ್ಲಿ. ಚಿಕ್ಕಂದಿನಲ್ಲೇ ಬೆನ್ನುಮೂಳೆಗೆ ಕ್ಷಯ ತಗುಲಿ ಗೂನಾದರು. ಎತ್ತರ ನಾಲ್ಕೂವರೆ ಅಡಿ ಅಷ್ಟೇ. ಮೇಲಾಗಿ ಕ್ಯಾಥೊಲಿಕ್. ಆಗಿನ ಕಾನೂನಿನಲ್ಲಿ ಕ್ಯಾಥೊಲಿಕರು ಲಂಡನ್ನಿನ ಹತ್ತು ಮೈಲಿ ಒಳಗೆ ಮನೆ ಮಾಡುವಂತಿರಲಿಲ್ಲ. ಹೋಮರನ ಕಾವ್ಯವನ್ನು ಇಂಗ್ಲಿಷಿಗೆ ತಂದು ಕೈಯಲ್ಲಿ ದುಡ್ಡು ಓಡಾಡಿದ ಮೇಲೆ, 1719ರಲ್ಲಿ ಇಲ್ಲಿ ಹೊಳೆ ಪಕ್ಕ ಬಂದು ನಿಂತರು. ಜೊತೆಗೆ ವಯಸ್ಸಾದ ತಾಯಿ, ಮತ್ತೆ ಇವರನ್ನು ಸಾಕಿದ ದಾದಿ.

ಮನೆಗೂ ತೋಟಕ್ಕೂ ನಡುವೆ ರಸ್ತೆ ಇತ್ತು. ದಾಟುವುದಕ್ಕೆ ರಸ್ತೆಯ ಕೆಳಗೆ ಸುರಂಗ ತೋಡಿಸಿ, ಅದನ್ನೇ ಗುಹೆಯ ಹಾಗೆ ಸಿಂಗರಿಸಿದರು. ಚಿಪ್ಪು, ಹರಳು, ಗಾಜಿನ ಚೂರು, ಸ್ನೇಹಿತರು ಕಳಿಸಿದ ಬಣ್ಣಬಣ್ಣದ ಕಲ್ಲು. ಬಾಗಿಲು ಮುಚ್ಚಿದರೆ ಹೊರಗಿನ ಹೊಳೆ, ದೋಣಿ ಎಲ್ಲಾ ಒಳಗಿನ ಗೋಡೆ ಮೇಲೆ ಚಿತ್ರವಾಗಿ ಮೂಡುತ್ತದೆ ಅಂತ ಅವರೇ ಬರೆದಿದ್ದಾರೆ. ಈಗ ಮನೆ ಇಲ್ಲ. ಕವಿಯ ಮನೆ ನೋಡುವುದಕ್ಕೆ ಜನ ಬರುತ್ತಲೇ ಇದ್ದರು. ಆ ಕಾಟ ತಡೆಯಲಾರದೆ, ಆಮೇಲೆ ಅದನ್ನು ಕೊಂಡ ಒಬ್ಬ ಶ್ರೀಮಂತ ಹೆಂಗಸು 1808ರ ಸುಮಾರಿಗೆ ಕೆಡವಿಸಿಬಿಟ್ಟರು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಗುಹೆ ಮಾತ್ರ ಉಳಿದಿದೆ, ಮೇಲೆ ಈಗ ಸ್ಕೂಲ್ ಇದೆ. ವರ್ಷದಲ್ಲಿ ಕೆಲವೇ ದಿನ ಒಳಗೆ ಬಿಡುತ್ತಾರೆ.

ಆದರೆ ಅಮ್ಮನಿಗೆ ನೀವು ತೋರಿಸಬೇಕಾದದ್ದು ಗುಹೆಯಲ್ಲ. ಪೋಪ್ ಅವರನ್ನು ಮಣ್ಣು ಮಾಡಿದ್ದು 1744ರಲ್ಲಿ, ಚರ್ಚಿನ ಒಳಗೆ. ಅದೇ ಚರ್ಚಿನ ಹೊರಗೋಡೆಯಲ್ಲಿ ಒಂದು ಕಲ್ಲು ಹುಡುಕಿ. ಮೇರಿ ಬೀಚ್ ಅನ್ನುವ ಹೆಸರಿದೆ. ಅವಳೇ ಆ ದಾದಿ. ತೀರಿಕೊಂಡದ್ದು 1725. ಕೂಸಾಗಿದ್ದಾಗ ತನ್ನನ್ನು ಸಾಕಿ, 38 ವರ್ಷ ಬಿಡದೆ ನೋಡಿಕೊಂಡವಳಿಗೆ ಋಣದಿಂದ ಅಲೆಕ್ಸಾಂಡರ್ ಪೋಪ್ ಈ ಕಲ್ಲು ಇಡಿಸಿದ ಅಂತ ಬರೆಸಿದ್ದಾರೆ. ಮನೆಕೆಲಸದವಳ ಹೆಸರನ್ನು ಆ ಕಾಲದಲ್ಲಿ ಚರ್ಚಿನ ಗೋಡೆಗೆ ಹಾಕಿಸಿದ್ದು. ನಾನು ಚೀಲ ಹೊತ್ತು ಆ ಕಡೆ ಹಾದಾಗಲೆಲ್ಲಾ ಒಂದು ಗಳಿಗೆ ನಿಲ್ಲುತ್ತೇನೆ.

ಇನ್ನು ಚರ್ಚಿನ ಪಕ್ಕದಲ್ಲೇ ಯಾರ್ಕ್ ಹೌಸ್ ಇದೆ, ಈಗ ಕೌನ್ಸಿಲ್ ಕಚೇರಿ. ನಿಮ್ಮ ಹೆಸರಿನಲ್ಲಿ ಮಲ್ಲೇಶ್ವರ ಇದೆ. ಅಮ್ಮ ಎಷ್ಟೋ ಸಲ 'ಟಾಟಾ ಇನ್‌ಸ್ಟಿಟ್ಯೂಟ್' ಸ್ಟಾಪ್ ದಾಟಿ ಬಸ್ಸಿನಲ್ಲಿ ಹೋಗಿರಬೇಕು ಅಲ್ವಾ? ಆ ಸಂಸ್ಥೆಯ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಕನಸು ಕಂಡ ಜಮ್‌ಶೆಟ್‌ಜಿ ಟಾಟಾ ಅವರ ಕಿರಿಯ ಮಗ ಸರ್ ರತನ್ ಟಾಟಾ 1906ರಲ್ಲಿ ಕೊಂಡದ್ದು ಇದೇ ಮನೆ. ಮೊನ್ನೆ 2024ರಲ್ಲಿ ತೀರಿಕೊಂಡ ರತನ್ ಟಾಟಾ ಅಲ್ಲ, ಅವರಿಗಿಂತ ಎರಡು ತಲೆಮಾರು ಹಿಂದಿನವರು. ಅತ್ತ 1909ರಲ್ಲಿ ಬೆಂಗಳೂರಿನಲ್ಲಿ, ಮೈಸೂರು ಅರಸರು ಕೊಟ್ಟ 371 ಎಕರೆಯಲ್ಲಿ ಅಪ್ಪನ ಕನಸು ಶುರುವಾದಾಗ ಮಗನಿಗೆ ಈ ಹೊಳೆ ದಂಡೆಯಲ್ಲೂ ಒಂದು ಮನೆ. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿ ನಡೆಸುತ್ತಿದ್ದ ಹೋರಾಟಕ್ಕೆ ಒಟ್ಟು 1,25,000 ರೂಪಾಯಿ ಕೊಟ್ಟವರೂ ಇವರೇ. ತೀರಿಕೊಂಡದ್ದು 1918ರಲ್ಲಿ, ಇಲ್ಲೇ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ. ಬ್ರೂಕ್‌ವುಡ್ ಸ್ಮಶಾನದಲ್ಲಿ ಅಪ್ಪನ ಪಕ್ಕ ಮಲಗಿದ್ದಾರೆ. ಹೆಂಡತಿ ನವಾಜ್‌ಬಾಯಿ ಆಮೇಲೆ ಮನೆಯನ್ನು ಕೌನ್ಸಿಲ್‌ಗೆ ಮಾರಿದರು.

ತೋಟದಿಂದ ಸಣ್ಣ ಸೇತುವೆ ದಾಟಿ ಹೊಳೆ ಕಡೆ ಇಳಿದರೆ ಬಿಳೀ ಅಮೃತಶಿಲೆಯ ದೊಡ್ಡ ದೊಡ್ಡ ಹೆಂಗಸರು ನೀರಿನ ಬಂಡೆ ಹತ್ತುತ್ತಿದ್ದಾರೆ. ಮೈಮೇಲೆ ಬಟ್ಟೆ ಇಲ್ಲ, ಅಮ್ಮನಿಗೆ ಮೊದಲೇ ಹೇಳಿಬಿಡಿ. ಬೇಲೂರು ನೋಡಿದವರಾದರೆ ಚಿಂತೆಯಿಲ್ಲ. ಇಟಲಿಯಲ್ಲಿ ಕೆತ್ತಿದ್ದು. ವಿಟೇಕರ್ ರೈಟ್ ಅನ್ನುವ ಹಣದ ವ್ಯವಹಾರದವನು ತನ್ನ ಬಂಗಲೆಗೆ ತರಿಸಿದ್ದ. ಮೋಸದ ಕೇಸಿನಲ್ಲಿ 1904ರಲ್ಲಿ ಶಿಕ್ಷೆಯಾಯಿತು. ಕೋರ್ಟಿನ ಕಟ್ಟಡದಲ್ಲೇ ಸಯನೈಡ್ ನುಂಗಿ ಸತ್ತ. ಅವನ ವಿಗ್ರಹಗಳು ಟಾಟಾ ತೋಟಕ್ಕೆ ಬಂದವು. ಎರಡನೇ ಮಹಾಯುದ್ಧದಲ್ಲಿ ಬೆಳದಿಂಗಳಿಗೆ ಹೊಳೆದು ಬಾಂಬ್ ವಿಮಾನಗಳಿಗೆ ದಾರಿ ತೋರಿಸಬಾರದು ಅಂತ ಅವಕ್ಕೆಲ್ಲಾ ಬೂದು ಬಣ್ಣದ ರಾಡಿ ಬಳಿದಿದ್ದರಂತೆ. ಅಲ್ಲಿ ಬೆಂಚು ಇವೆ, ಆರಾಮವಾಗಿ ಕೂರಬಹುದು.

ಎದುರಿಗೆ ಕಾಣುವ ದ್ವೀಪ ಈಲ್ ಪೈ. ಕಾರು ಹೋಗುವುದಿಲ್ಲ, ಕಾಲುಸೇತುವೆ ಒಂದೇ. ಕೀಲಿ ಕೊಟ್ಟರೆ ಹಾಡುವ ರೇಡಿಯೊ ಕಂಡುಹಿಡಿದ ಟ್ರೆವರ್ ಬೇಲಿಸ್ ಇದ್ದದ್ದು ಅಲ್ಲೇ. ಆಫ್ರಿಕಾದಲ್ಲಿ ಏಡ್ಸ್ ಹಬ್ಬುತ್ತಿದೆ, ಹಳ್ಳಿಗೆ ತಿಳುವಳಿಕೆ ಮುಟ್ಟಿಸಲು ರೇಡಿಯೊ ಬೇಕು, ಆದರೆ ಕರೆಂಟ್ ಇಲ್ಲ, ಬ್ಯಾಟರಿ ದುಬಾರಿ ಅಂತ ಟಿವಿಯಲ್ಲಿ ನೋಡಿ ಅವರಿಗೆ ಹೊಳೆದದ್ದು. ಗೋಡೆ ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ ತಿರುಗಿಸಿದರೆ ವಾರ್ತೆ ಬರುತ್ತದೆ. 2018ರಲ್ಲಿ ಹೋಗಿಬಿಟ್ಟರು.

ನಮ್ಮ ಕಾಲದವರು ಬೇಕೆಂದರೆ ವಿನ್ಸ್ ಕೇಬಲ್ ಇದ್ದಾರೆ, ಹಲವು ವರ್ಷ ಇಲ್ಲಿನ ಎಂಪಿ ಆಗಿದ್ದವರು. ಓಟಗಾರ ಮೋ ಫರಾ ತಯಾರಾದದ್ದು ಸ್ಟ್ರಾಬೆರಿ ಹಿಲ್‌ನ ಸೇಂಟ್ ಮೇರೀಸ್ ವಿಶ್ವವಿದ್ಯಾಲಯದ ಟ್ರ್ಯಾಕಿನಲ್ಲಿ. 2012ರ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದವರಿಗೆಲ್ಲಾ ಅವರವರ ಊರಿನಲ್ಲಿ ಒಂದು ಅಂಚೆ ಡಬ್ಬಿಗೆ ಬಂಗಾರದ ಬಣ್ಣ ಬಳಿದರು. ಅವರದ್ದು ಪಕ್ಕದ ಟೆಡಿಂಗ್ಟನ್ನಿನಲ್ಲಿದೆ. ಅಮ್ಮನ ಕೈಯಲ್ಲಿ ಬೆಂಗಳೂರಿಗೆ ಒಂದು ಕಾರ್ಡ್ ಬರೆಸಿ ಅದರೊಳಗೆ ಹಾಕಿಸಿ.

ಕುಡ್ಲದವ

ಅಂಚೆ ಅಣ್ಣನ ಮಾತಿಗೆ ಒಂದು ಸೇರಿಸುತ್ತೇನೆ. ಟಾಟಾ ಬರುವ ಮೊದಲು ಅದೇ ಯಾರ್ಕ್ ಹೌಸಿನಲ್ಲಿ ಮೌಂಟ್‌ಸ್ಟುವರ್ಟ್ ಗ್ರಾಂಟ್ ಡಫ್ ಇದ್ದರು. 1881ರಿಂದ 1886ರವರೆಗೆ ಮದ್ರಾಸ್ ಗವರ್ನರ್. ಆಗ ನಮ್ಮ ಮಂಗಳೂರು, ಅತ್ತ ಬಳ್ಳಾರಿ, ಎರಡೂ ಮದ್ರಾಸಿನ ಕೈಕೆಳಗೆ.

ನರ್ಸ್_ಶಿವಮೊಗ್ಗ

ಯಾರೂ ಲೇಡಿ ಮೇರಿ ವರ್ಟ್ಲಿ ಮಾಂಟೆಗು ಹೆಸರು ಹೇಳಲಿಲ್ಲ! ಪೋಪ್ ಕಾಲದಲ್ಲೇ ಟ್ವಿಕನ್‌ಹ್ಯಾಮ್‌ನಲ್ಲಿ ಇದ್ದವರು. ಮೊದಲು ಇಬ್ಬರಿಗೂ ಒಳ್ಳೇ ಸ್ನೇಹ, ಆಮೇಲೆ ಮುಖ ನೋಡದಷ್ಟು ಜಗಳ.

ಇವರ ತಮ್ಮ ಸಿಡುಬಿನಲ್ಲಿ ಹೋದ. 1715ರಲ್ಲಿ ಇವರಿಗೇ ಬಂತು. ಜೀವ ಉಳಿಯಿತು, ಮುಖದ ಮೇಲೆ ಕಲೆ ಉಳಿಯಿತು, ರೆಪ್ಪೆ ಕೂದಲು ಉದುರಿಹೋಯಿತು. ಗಂಡ ರಾಯಭಾರಿಯಾಗಿ ಟರ್ಕಿಗೆ ಹೋದಾಗ ಅಲ್ಲಿನ ಮುದುಕಿಯರು ಮಾಡುವುದನ್ನು ಕಣ್ಣಾರೆ ಕಂಡರು. ಸಿಡುಬಿನ ಗುಳ್ಳೆಯ ಕೀವನ್ನು ಸ್ವಲ್ಪ ತೆಗೆದು, ಚೆನ್ನಾಗಿರುವ ಮಗುವಿನ ಚರ್ಮ ಗೀರಿ ಹಚ್ಚುವುದು. ಸಣ್ಣಗೆ ಜ್ವರ ಬಂದು ಹೋಗುತ್ತದೆ, ದೊಡ್ಡ ಸಿಡುಬು ಬರುವುದಿಲ್ಲ. 1718ರಲ್ಲಿ ಅಲ್ಲೇ ಮಗನಿಗೆ ಮಾಡಿಸಿದರು. 1721ರಲ್ಲಿ ಲಂಡನ್ನಿನಲ್ಲಿ ಸಿಡುಬು ಹಬ್ಬಿದಾಗ ವೈದ್ಯರ ಎದುರಿಗೇ ಮೂರು ವರ್ಷದ ಮಗಳಿಗೂ ಮಾಡಿಸಿದರು. ಅದರಲ್ಲಿ ಅಪಾಯ ಇಲ್ಲದೆ ಇರಲಿಲ್ಲ. ಜೆನ್ನರ್ ಅವರ ಲಸಿಕೆ ಬಂದದ್ದು 1796ರಲ್ಲಿ, ಅಷ್ಟು ಹೊತ್ತಿಗೆ ಇವರು ತೀರಿಕೊಂಡು 34 ವರ್ಷ.

ನಿಮ್ಮ ಅಮ್ಮನ ತೋಳಿನ ಮೇಲೆ 'ದೇವಿ' ಹಾಕಿದ ಗುರುತು ಇದ್ದೇ ಇರುತ್ತದೆ. ಅದನ್ನು ಮುಟ್ಟಿ ಈ ಕಥೆ ಹೇಳಿ.

ಮಲ್ಲೇಶ್ವರದ_ಮಗಳು

ಎಲ್ಲರಿಗೂ, ಅಂಚೆ ಅಣ್ಣನಿಗಂತೂ ತುಂಬಾ ತುಂಬಾ ಧನ್ಯವಾದ. ಶನಿವಾರ ಮಧ್ಯಾಹ್ನ ಹೋಗಿ ಬಂದೆವು.

ಕಲ್ಲು ಹುಡುಕುವುದಕ್ಕೆ ಚರ್ಚಿನ ಸುತ್ತ ಒಂದು ಸುತ್ತು ಹೊಡೆಯಬೇಕಾಯಿತು. ಸಿಕ್ಕಿದ ಮೇಲೆ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಅಮ್ಮ "ಎಷ್ಟು ವರ್ಷ ಅಂದೆ?" ಅಂತ ಎರಡು ಸಲ ಕೇಳಿದರು. ಮೂವತ್ತೆಂಟು ಅಂದೆ. ಆಮೇಲೆ ಕೊಡೆ ನನ್ನ ಕೈಗೆ ಕೊಟ್ಟು, ಗೋಡೆ ಮೇಲೆ ಅಂಗೈ ಇಟ್ಟು ನಿಂತರು. ತಮ್ಮನ್ನು ಚಿಕ್ಕಂದಿನಲ್ಲಿ ತಿಪಟೂರಿನ ಮನೆಯಲ್ಲಿ ಎತ್ತಿ ಆಡಿಸಿದವಳ ಹೆಸರು ಹೇಳಿದರು. ನಾನು ಆ ಹೆಸರು ಕೇಳಿದ್ದು ಅದೇ ಮೊದಲು. ಅವಳ ಒಂದು ಫೋಟೊ ಕೂಡ ನಮ್ಮ ಮನೆಯಲ್ಲಿಲ್ಲ.

ಟಾಟಾ ತೋಟದಲ್ಲಿ ಮುಕ್ಕಾಲು ಗಂಟೆ ಕೂತೆವು. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆ. ವಿಗ್ರಹ ನೋಡಿ ಅಮ್ಮ "ಈ ಚಳಿಯಲ್ಲಿ ಪಾಪ" ಅಂದರು. ನರ್ಸ್ ಅವರು ಹೇಳಿದ ಕಥೆಗೆ ಸೆರಗು ಸರಿಸಿ ತೋಳು ತೋರಿಸಿದರು. ಎರಡು ಗುರುತು, ಐದು ಪೈಸೆಯಷ್ಟು ಅಗಲ. ಚಿಕ್ಕಂದಿನಿಂದ ನೋಡಿದ್ದೇನೆ, ಕೇಳಿರಲೇ ಇಲ್ಲ.

ಮುಂದಿನ ವಾರ ಯಾರ ಮನೆ ಅಂತ ಈಗಲೇ ಕೇಳುತ್ತಿದ್ದಾರೆ. ನಡೆಯುವುದು ಕಡಿಮೆ ಇರಲಿ, ಒಳಗೆ ಹೋಗುವ ಹಾಗಿರಲಿ.

ಅಂಚೆ_ಅಣ್ಣ

ಹಾಗಾದರೆ ಟರ್ನರ್ ಮನೆ. ಹೊಳೆ, ಮೋಡ, ಬೆಳಕು ಬರೆದ ದೊಡ್ಡ ಚಿತ್ರಕಾರ. ಸ್ಯಾಂಡಿಕೋಂಬ್ ಲಾಡ್ಜ್ ಅಂತ, 1813ರಲ್ಲಿ ತಾನೇ ನಕ್ಷೆ ಹಾಕಿ ಕಟ್ಟಿಸಿದ್ದು. ಸಣ್ಣ ಮನೆ, 2017ರಲ್ಲಿ ರಿಪೇರಿ ಮುಗಿಸಿ ಜನರಿಗೆ ತೆರೆದಿದ್ದಾರೆ. ಅಲ್ಲಿ ಅವರ ಜೊತೆ ಇದ್ದದ್ದು ಅಪ್ಪ, ಮೊದಲು ಲಂಡನ್ನಿನಲ್ಲಿ ಕ್ಷೌರದ ಅಂಗಡಿ ಇಟ್ಟಿದ್ದವರು. ತೋಟ, ಅಡುಗೆ ಎಲ್ಲಾ ಅಪ್ಪನದೇ. ಮಗನ ಚಿತ್ರಗಳ ಗ್ಯಾಲರಿ ನೋಡಿಕೊಳ್ಳಲು ಲಂಡನ್ನಿಗೆ ಹೋಗಬೇಕು, ಗಾಡಿಗೆ ದುಡ್ಡು ಯಾಕೆ ಅಂತ ತರಕಾರಿ ಗಾಡಿಯವನಿಗೆ ಒಂದು ಲೋಟ ಜಿನ್ ಕುಡಿಸಿ ತರಕಾರಿ ಮೇಲೆ ಕೂತು ಹೋಗುತ್ತಿದ್ದರಂತೆ. ತೋಟದ ತೇವದಲ್ಲಿ ಅಪ್ಪನಿಗೆ ಪದೇ ಪದೇ ಶೀತ ಆಗುತ್ತದೆ ಅಂತ ಮಗ 1826ರಲ್ಲಿ ಮನೆ ಮಾರಿದರು.

ಟ್ವಿಕನ್‌ಹ್ಯಾಮ್ ಸ್ಟೇಷನ್ನಿನಿಂದ ರಿಚ್ಮಂಡ್ ಕಡೆಗೆ ಒಂದೇ ಸ್ಟಾಪ್, ಸೇಂಟ್ ಮಾರ್ಗರೆಟ್ಸ್. ಅಲ್ಲಿಂದ ಕೆಲವೇ ನಿಮಿಷದ ನಡಿಗೆ. ಹೊರಡುವ ಮೊದಲು ಯಾವ ದಿನ ತೆರೆದಿರುತ್ತದೆ ಅಂತ ನೋಡಿಕೊಳ್ಳಿ. ಒಳಗಿನ ಮೆಟ್ಟಿಲು ಕಿರಿದು, ಅಮ್ಮನ ಕೈ ಹಿಡಿದುಕೊಳ್ಳಿ.