ಎಕ್ಸೆಲ್‌ನಲ್ಲಿ 3/4 ಹೊಡೆದರೆ 03-ಏಪ್ರಿಲ್ ಆಗ್ತಿದೆ, ಏನ್ಮಾಡೋದು?

ಹಾರ್ಡ್‌ವೇರ್ ಅಂಗಡಿಯ ಸ್ಟಾಕ್ ಪಟ್ಟಿ ಎಕ್ಸೆಲ್‌ಗೆ ಹಾಕುತ್ತಿದ್ದೇನೆ. ಪೈಪಿನ ಅಳತೆ 3/4 ಅಂತ ಹೊಡೆದರೆ ತಾರೀಖು ಬರುತ್ತದೆ, ನಂಬರ್ ಫಾರ್ಮ್ಯಾಟ್ ಮಾಡಿದರೆ 45750. ಗೊತ್ತಿದ್ದವರು ಹೇಳಿ.

– ಇದು ಎಲ್ಲರಿಗೂ ಆಗೋದೇ. ಮಧ್ಯೆ ಓರೆಗೆರೆ ಕಂಡರೆ ಎಕ್ಸೆಲ್ ಮೊದಲು ತಾರೀಖು ಅಂತಲೇ ಓದುತ್ತದೆ. 45750 ಅಂದರೆ 1900ರಿಂದ ಎಣಿಸಿದ ದಿನದ ಲೆಕ್ಕ, 2025ರ ಏಪ್ರಿಲ್ 3. 0 ಹೊಡೆದು, ಸ್ಪೇಸ್ ಬಿಟ್ಟು, 3/4 ಹೊಡೆಯಿರಿ. ಸೆಲ್‌ನಲ್ಲಿ 3/4 ಕಾಣುತ್ತದೆ, ಮೇಲೆ ಫಾರ್ಮುಲಾ ಬಾರ್‌ನಲ್ಲಿ 0.75. ಪಟ್ಟಿ ಉದ್ದ ಇದ್ದರೆ ಮೊದಲೇ ಇಡೀ ಕಾಲಂನ ಫಾರ್ಮ್ಯಾಟ್ ಫ್ರ್ಯಾಕ್ಷನ್ (ಭಿನ್ನರಾಶಿ) ಮಾಡಿಕೊಳ್ಳಿ, ಸೊನ್ನೆಯ ಗೋಜೇ ಇರಲ್ಲ.

– ಈಗಾಗಲೇ ತಾರೀಖಾಗಿ ಕೂತಿದ್ದನ್ನು ಸುಮ್ನೆ ಮತ್ತೆ ಟೈಪ್ ಮಾಡಬೇಡಿ. ತಾರೀಖು A2 ಸೆಲ್‌ನಲ್ಲಿದ್ದರೆ ಪಕ್ಕದ ಕಾಲಂನಲ್ಲಿ =DAY(A2)/MONTH(A2) ಹಾಕಿ, ಅದನ್ನು ಫ್ರ್ಯಾಕ್ಷನ್ ಮಾಡಿ. ದಿನ ಮೊದಲು, ತಿಂಗಳು ಆಮೇಲೆ ಅಂತ ಸೆಟ್ಟಿಂಗ್ ಇರುವ ಕಂಪ್ಯೂಟರಿಗೆ ಮಾತ್ರ ಇದು. ಕೆಳಗಿನ ಅಂಕಿ 12 ದಾಟಿದ್ದರೆ ಅದು ತಿಂಗಳಾಗಲ್ಲ, ಅಂಥದ್ದನ್ನು ಕೈಯಲ್ಲೇ ನೋಡಿ.

– ಥ್ಯಾಂಕ್ಸ್, ಪೈಪ್ ಸರಿಹೋಯಿತು. ಆದರೆ 5/16 ಬೋಲ್ಟ್ 1/3 ಅಂತ ತೋರಿಸ್ತಿದೆ!

– ಛೇದಕ್ಕೆ ಒಂದೇ ಅಂಕಿಯ ಜಾಗ ಇರುವ ಫಾರ್ಮ್ಯಾಟ್ ಆರಿಸಿದ್ದೀರಿ, ಅದಕ್ಕೆ ಹತ್ತಿರದ್ದನ್ನು ತೋರಿಸುತ್ತಿದೆ. ಒಳಗಿನ ಬೆಲೆ 0.3125 ಹಾಗೇ ಇದೆ. ಎರಡಂಕಿಯದು ಆರಿಸಿ. ಎಲ್ಲವೂ ಹದಿನಾರರಲ್ಲೇ ಬೇಕಾದರೆ ಕಸ್ಟಮ್‌ನಲ್ಲಿ # ??/16 ಬರೆಯಿರಿ, ಆಗ ಅರ್ಧ ಕೂಡ 8/16 ಆಗಿಯೇ ನಿಲ್ಲುತ್ತದೆ.

– ಇದೇ ಉಪಾಯ ಜಮೀನಿನ ಲೆಕ್ಕಕ್ಕೂ ಬರುತ್ತದೆ. ನಮ್ಮಲ್ಲಿ ಜಾಸ್ತಿ ಜನ 2 ಎಕರೆ 25 ಗುಂಟೆಯನ್ನು 2.25 ಅಂತ ಹಾಕುತ್ತಾರೆ, 1 ಎಕರೆ 20 ಗುಂಟೆಯನ್ನು 1.20 ಅಂತ, ಕೂಡಿದರೆ 3.45. ಗುಂಟೆ 40ಕ್ಕೆ ಎಕರೆ ಆಗುತ್ತೆ ಅಲ್ವಾ? # ??/40 ಫಾರ್ಮ್ಯಾಟ್ ಇಟ್ಟು 2 25/40, 1 20/40 ಹೊಡೆಯಿರಿ, ಮೊತ್ತ 4 5/40, ಅಂದರೆ 4 ಎಕರೆ 5 ಗುಂಟೆ ಸರಿಯಾಗಿ ಬರುತ್ತದೆ. ಆದರೆ ಸರ್ವೆ ನಂಬರ್ 12/3 ಭಿನ್ನರಾಶಿ ಅಲ್ಲ. ಆ ಕಾಲಂ ಮೊದಲೇ ಟೆಕ್ಸ್ಟ್ ಮಾಡಿ, ಇಲ್ಲವೇ ಮುಂದೆ ' ಹಾಕಿ. ಸರ್ವೆ ನಂಬರನ್ನು ಯಾರೂ ಕೂಡಲ್ಲ, ತೊಂದರೆಯಿಲ್ಲ. ಪೈಪಿನ ಅಳತೆಗೆ ಹಾಗೆ ಮಾಡಿದರೆ ಕೂಡುವ ಸಮ್ (SUM) ಫಾರ್ಮುಲಾ ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ, ತಪ್ಪು ಅಂತ ಹೇಳೋದೂ ಇಲ್ಲ.