ಮೂರು ವರ್ಷದ ಯೋಜನೆಗೆ ಹೊರಗಿನವರನ್ನು ಕರೆಸಬೇಕಾ, ನಾವೇ ಮಾಡಿಕೊಳ್ಳಬಹುದಾ?

ಪ್ರಶ್ನೆ:
ನಮ್ಮದು 18 ಜನರ ಸಣ್ಣ ಸಂಸ್ಥೆ. ಮುಂದಿನ ಮೂರು ವರ್ಷಕ್ಕೆ ಯೋಜನೆ ಬೇಕೇ ಬೇಕು ಅಂತ ಆಡಳಿತ ಮಂಡಳಿ ಹಠ ಹಿಡಿದಿದೆ. ಕಳೆದ ಸಲ ಒಬ್ಬ ಸಲಹೆಗಾರರನ್ನು ಕರೆಸಿದ್ದೆವು. ಎರಡು ದಿನ ಗೋಡೆ ತುಂಬ ಬಣ್ಣದ ಚೀಟಿ ಅಂಟಿಸಿ, ಸ್ವಾಟ್ ಅಂತ ನಾಲ್ಕು ಚೌಕ (ನಮ್ಮ ಬಲ, ದೌರ್ಬಲ್ಯ, ಅವಕಾಶ, ಅಪಾಯ) ತುಂಬಿಸಿ, ಸಾಕುಸಾಕಾಗಿ ಮನೆಗೆ ಹೋದೆವು. ಆಮೇಲೆ 60 ಪುಟದ ವರದಿ ಬಂತು. ಚೆನ್ನಾಗಿಯೇ ಇತ್ತು. ಈಗ ಅದು ಯಾರ ಕಂಪ್ಯೂಟರಿನಲ್ಲಿದೆ ಅಂತ ಒಬ್ಬರಿಗೂ ಗೊತ್ತಿಲ್ಲ! ಈ ಸಲ ಏನು ಮಾಡುವುದು?

ಉತ್ತರ 1:
ಕರೆಸಿ, ಆದರೆ ಅವರಿಂದ ಬರೆಸಬೇಡಿ. ನಾನು ಈ ಕೆಲಸವನ್ನೇ ಮಾಡುವವನು, ಆದರೂ ಹೇಳುತ್ತೇನೆ. ಬೇರೆಯವರು ಬರೆದುಕೊಟ್ಟ ಯೋಜನೆಯನ್ನು ಯಾರೂ ತಮ್ಮದು ಅಂದುಕೊಳ್ಳುವುದಿಲ್ಲ. ಹೊರಗಿನವರು ನಿಜಕ್ಕೂ ಬೇಕಾಗುವುದು ಮುಖ್ಯಸ್ಥರ ಎದುರು ಬಾಯಿ ಬಿಡದವರನ್ನು ಮೊದಲೇ ಒಬ್ಬೊಬ್ಬರಾಗಿ ಕೂರಿಸಿಕೊಂಡು ಮಾತಾಡಿಸಲು, ಆ ಮಾತನ್ನು ಹೆಸರಿಲ್ಲದೆ ಸಭೆಯ ಮುಂದಿಡಲು, ಮತ್ತು ನಿಮ್ಮೊಳಗೆ ಯಾರೂ ಕೇಳದ ಪ್ರಶ್ನೆ ಕೇಳಲು. ಅದರಲ್ಲಿ ದೊಡ್ಡದು, ‘ಈಗ ಮಾಡುತ್ತಿರುವುದರಲ್ಲಿ ಯಾವುದನ್ನು ಬಿಡುತ್ತೀರಿ?’ ಏನನ್ನು ಮಾಡಬಾರದು ಅಂತ ಆರಿಸುವುದೇ ಕಾರ್ಯತಂತ್ರದ ತಿರುಳು ಅಂತ ಹಾರ್ವರ್ಡ್‌ನ ಪ್ರಾಧ್ಯಾಪಕ ಮೈಕೆಲ್ ಪೋರ್ಟರ್ 1996ರಲ್ಲೇ ಬರೆದಿದ್ದರು. ಸ್ವಾಟ್ ಚೌಕ ತುಂಬಿಸುವುದು ಸುಲಭ, ಒಂದು ಕೆಲಸ ನಿಲ್ಲಿಸಿ ಅನ್ನಿ, ಆಗ ನೋಡಿ ಜಗಳ.

ಉತ್ತರ 2:
ನಾವೇ ಮಾಡಿದ್ದೆವು, ಕೆಟ್ಟೆವು. ಅಧ್ಯಕ್ಷರೇ ಸಭೆ ನಡೆಸಿದರು, ಎಲ್ಲರೂ ಹೂಂ ಅಂದು ಎದ್ದು ಹೋದರು, ಕೊನೆಗೆ ಯಾರ ಮನಸ್ಸೂ ನೋಯಬಾರದು ಅಂತ 14 ಗುರಿ ಪಟ್ಟಿಗೆ ಸೇರಿದವು. ಕೆಲಸಕ್ಕೆ ಬಂದದ್ದು ಒಂದೇ, ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಅವರ ಪ್ರೀಮಾರ್ಟಮ್, ಅಂದರೆ ಸೋಲನ್ನು ಮೊದಲೇ ಊಹಿಸಿ ಕಾರಣ ಹುಡುಕುವುದು. ‘ಮೂರು ವರ್ಷ ಕಳೆದಿದೆ, ಯೋಜನೆ ಪೂರ್ತಿ ಮಕಾಡೆ ಮಲಗಿದೆ, ಯಾಕೆ?’ ಅಂತ ಎಲ್ಲರೂ ಸುಮ್ನೆ ಕೂತು ಚೀಟಿಯಲ್ಲಿ ಬರೆಯುವುದು. ಐದು ಚೀಟಿಯಲ್ಲಿ ಒಂದೇ ಮಾತು: ‘ಎಲ್ಲ ಕೆಲಸವೂ ಒಬ್ಬರ ತಲೆ ಮೇಲೇ ಬಿತ್ತು.’ ಆ ಒಬ್ಬರು ಅಲ್ಲೇ ಕೂತಿದ್ದರು, ಪಾಪ.

ಪ್ರಶ್ನೆ ಕೇಳಿದವರು:
ಅಯ್ಯೋ, ನಮ್ಮಲ್ಲಿ ಆ ಒಬ್ಬರು ನಾನೇ. ಸರಿ, ಹೊರಗಿನವರನ್ನು ಕರೆಸಿದರೆ ಕರಾರಿನಲ್ಲಿ ಏನಿರಬೇಕು?

ಉತ್ತರ 1:
ಪುಟ ಎಣಿಸಬೇಡಿ. ಎರಡು ಪುಟ ಸಾಕು, ಆದರೆ ಪ್ರತಿ ಗುರಿಯ ಪಕ್ಕ ಒಬ್ಬರ ಹೆಸರು, ಅದಕ್ಕೆ ಎತ್ತಿಟ್ಟ ಹಣ, ಮುಗಿಯುವ ತಿಂಗಳು ಇರಲೇಬೇಕು. ಇಬ್ಬರ ಹೆಸರು ಹಾಕಿದರೆ ಇಬ್ಬರೂ ಮಾಡುವುದಿಲ್ಲ. ಬಜೆಟ್ಟಿನಲ್ಲಿ ಜಾಗ ಸಿಗದ ಗುರಿಯನ್ನು ಅಲ್ಲೇ ಹೊಡೆದುಹಾಕಿ. ಇನ್ನೊಂದು, ವರದಿ ಕೊಟ್ಟ ಕೂಡಲೇ ಅವರ ಕೆಲಸ ಮುಗಿಯಬಾರದು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಬಂದು ‘ಆಯ್ತಾ, ಇಲ್ವಾ, ಯಾಕೆ’ ಅಂತ ಕೇಳಬೇಕು, ಕೊನೆಯ ಕಂತಿನ ಹಣ ಅದಾದ ಮೇಲೆಯೇ.

ಹಾಗೇ ಆ 60 ಪುಟವನ್ನು ಹುಡುಕಿ ತೆಗೆಯಿರಿ. ಅದರಲ್ಲಿ ಯಾವುದು ಯಾಕೆ ಆಗಲಿಲ್ಲ ಅನ್ನುವುದನ್ನೇ ಮೊದಲ ಸಭೆಗೆ ಇಟ್ಟುಕೊಳ್ಳಿ.